ತಾಯಿಕುರಿ ಮೂಸಿದ ಬ್ಯಾಗು

ಮುಧೋಳದ ಬ್ಯಾಂಕಿನಲ್ಲಿ ಕುಳಿತು ಮೊಹರು ಒತ್ತುತ್ತಿದ್ದ ಆ ವರ್ಷಗಳಲ್ಲಿ ನನಗೊಂದೇ ಹುಚ್ಚು: ಕಾಕಾನ ಕುರಿಹಿಂಡಿನ ಹಿಂದೆ ನಾಲ್ಕು ದಿನ ನಡೆಯಬೇಕು. ಅಪ್ಪ ನೌಕರಿ ಹಿಡಿದು ಕುರಿ ಬಿಟ್ಟಿದ್ದರು, ಕಾಕಾ ಬಿಟ್ಟಿರಲಿಲ್ಲ. ಅಣೆಕಟ್ಟಿನ ಹಿನ್ನೀರು ಬಂದು ಬೀಳಗಿ ಕಡೆಯ ಹೊಳೆದಂಡೆಯ ಹುಲ್ಲು ಮುಳುಗಿದ ಮೇಲೆ ಚಳಿಗಾಲಕ್ಕೆ ಲೋಕಾಪುರದ ಗುಡ್ಡಗಳತ್ತ ಹಿಂಡು ಹೊಡೆದುಕೊಂಡು ಹೋಗುತ್ತಿದ್ದರು. ನಾನು ಬರುತ್ತೇನೆಂದರೆ, "ಕುರ್ಚಿ ಮ್ಯಾಲ ಕುಂಡ್ರಾವ್ರಿಗೆ ಅಡವಿ ಆಗಿಬರೂದಿಲ್ಲಲೇ" ಎಂದು ನಗುತ್ತಿದ್ದರು. ಸುಳ್ಳೇಕೆ ಹೇಳಲಿ, ಆ ನಗು ಚುಚ್ಚುತ್ತಿತ್ತು. ನಾನು ಆ ಮನೆಯವನೇ ಅಲ್ಲವೇನೋ ಎನಿಸುತ್ತಿತ್ತು.

ಕೊನೆಗೊಂದು ವರ್ಷ ಒಪ್ಪಿದರು. ದಾರಿಯಲ್ಲಿ ಹುಟ್ಟಿದ ಮರಿಯನ್ನು ನಾನು ಹೊರಬೇಕು, ಅದೇ ಕರಾರು.

ಜಮಖಂಡಿಯ ಅಂಗಡಿಯಲ್ಲಿ ಬ್ಯಾಗು ಆರಿಸಲು ಅರ್ಧ ದಿನ ಹಿಡಿಯಿತು. ಅಂಗಡಿಯವನು ಉತ್ಸಾಹದ ಮನುಷ್ಯ. ನೀಲಿ ಬ್ಯಾಗೊಂದರಲ್ಲಿ ಭಾರಕ್ಕೆಂದು ಬೆಲ್ಲದ ಎರಡು ದೊಡ್ಡ ಪೆಂಟೆ ತುಂಬಿ ನನ್ನ ಬೆನ್ನಿಗೇರಿಸಿ, "ನಡೀರಿ ಸರ್, ಓಣಿ ತುದಿತನಾ ಹೋಗಿ ಬರ್ರಿ. ಭಾರ ಹೆಗಲಿಗಲ್ಲ, ಸೊಂಟಕ್ಕ ಕುಂಡ್ರಬೇಕು" ಎಂದ. ನಡೆದೆ. ಸೊಂಟದ ಪಟ್ಟಿ ಬಿಗಿಯಾಗಿ ಹಿಡಿದಿತ್ತು. ಬಜಾರಿನ ಗದ್ದಲ ಹಿಂದೆ ಸರಿದು, ಕಣ್ಣ ಮುಂದೆ ಕರಿಹೊಲ, ಮಂಜು, ಕುರಿಗಳ ಬೆನ್ನು ಬಂದು ನಿಂತವು. ಕೊಂಡೇಬಿಟ್ಟೆ. ಮನೆಯಲ್ಲಿ ಸಾಬೂನಿನ ನೀರಿನಲ್ಲಿ ತೊಳೆದು, ಒಳಗೆ ಘಮಘಮ ಪೌಡರು ಉದುರಿಸಿದೆ. ಮರಿ ಮಲಗುವ ಜಾಗವಲ್ಲವೇ, ಸ್ವಚ್ಛ ಇರಲಿ ಎಂದು.

ಕಾಕಾನ ಹೆಗಲಲ್ಲಿ ಹಳೇ ಕಂಬಳಿಯ ಜೋಳಿಗೆ. ಅದು ನೀರು ಕಂಡು ಎಷ್ಟು ವರ್ಷವಾಗಿತ್ತೋ!

ಮೂರನೆಯ ದಿನ ಮಧ್ಯಾಹ್ನ ಒಂದು ಕುರಿ ಈಯಿತು. ಕಾಕಾನ ಜೋಳಿಗೆಯಲ್ಲಿ ಹೊರಡುವ ಮುನ್ನವೇ ಹುಟ್ಟಿದ್ದ ಮರಿಯಿತ್ತು, ಅವರು ಮುಂದೆ ನಡೆದಿದ್ದರು. ಹಸಿ ಮರಿಯನ್ನು ನನ್ನ ಬ್ಯಾಗಿನಲ್ಲಿಟ್ಟೆ, ತಲೆ ಹೊರಗೆ. ಬೆನ್ನಿಗೆ ಬಿಸಿ ಹತ್ತಿತು. ಇಳಿಬಿಸಿಲು, ಕೊಯ್ದ ಜೋಳದ ಕೂಳೆ, ದೂರದ ಗಂಟೆಯ ಸದ್ದು. ನಿದ್ದೆಯಲ್ಲೇ ನಡೆಯುತ್ತಿದ್ದೇನೆ ಎನಿಸಿತು. ಅಷ್ಟು ಸುಖ ನಾನು ಉಂಡಿರಲಿಲ್ಲ.

ಸಂಜೆ ಬೀಡುಬಿಟ್ಟಾಗ ಮರಿಯನ್ನು ತಾಯಿಯ ಮುಂದಿಟ್ಟೆ. ತಾಯಿ ಮೂಸಿತು. ಹಿಂದೆ ಸರಿಯಿತು. ಮತ್ತೆ ಮೂಸಿ, ತಲೆಯಿಂದ ಗುದ್ದಿ ಕೆಡವಿತು. ಮರಿ ಎದ್ದು ಹೋದಷ್ಟೂ ಗುದ್ದು.

ಕಾಕಾ ಮರಿಯನ್ನೆತ್ತಿ ಮೂಸಿ ನನ್ನ ಮುಖ ನೋಡಿದರು. "ಅಯ್ಯ ನಿನ್ನ! ಮದಿಮಗನ ವಾಸನಿ ಬರಾಕತ್ತೈತಲ್ಲೋ! ತಾಯಿ ಗುರ್ತಾ ಹೆಂಗ ಹಿಡೀಬೇಕು?"

"ಸ್ವಚ್ಛ ಇರ್ಲಿ ಅಂತ ತೊಳದಿದ್ದೆ ಕಾಕಾ."

"ಹಾಲು ಕುಡೀಲಿಲ್ಲಂದ್ರ ಬೆಳಕ ಹರಿಯೂದ್ರಾಗ ಮರಿ ಹೋಗತೈತಿ."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ತಾಯಿಯನ್ನು ಮೊಣಕಾಲ ನಡುವೆ ಹಿಡಿದು, ಅದರ ಹಾಲನ್ನೇ ಕರೆದು ಮರಿಯ ಮೈಗೆ, ಬಾಲಕ್ಕೆ ಸವರಿದರು. ತಮ್ಮ ಜೋಳಿಗೆಯಿಂದ ತಿಕ್ಕಿದರು. ತಾಯಿಯನ್ನು ಅಲ್ಲಾಡದಂತೆ ಹಿಡಿದು ಮೊಲೆ ಬಾಯಿಗಿಟ್ಟರು. ನಾನು ಉಣ್ಣಲಿಲ್ಲ. ನಸುಕಿನಲ್ಲಿ ಕಣ್ಣು ಬಿಟ್ಟಾಗ ತಾಯಿ ಮರಿಯ ಬೆನ್ನು ನೆಕ್ಕುತ್ತಿತ್ತು. ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ನಾನು ಊರಿಗೆ ಹೊರಟ ದಿನ ಕಾಕಾ ನನ್ನ ಬ್ಯಾಗಿನಲ್ಲಿದ್ದುದನ್ನೆಲ್ಲ ಸುರುವಿ, ಕುರಿ ಉಣ್ಣೆ ತುಂಬಿ, "ಇದು ನನ್ನ ಹತ್ರ ಇರ್ಲಿ" ಎಂದರು. ಬರಿಗೈಯಲ್ಲಿ ಮುಧೋಳಕ್ಕೆ ಬಂದೆ. ಇನ್ನು ಕರೆಯುವುದಿಲ್ಲ ಎಂದುಕೊಂಡೆ.

ಮರುವರ್ಷ ಅವರೇ ಫೋನು ಮಾಡಿಸಿದರು. ನಾನು ಹೋದಾಗ ಬ್ಯಾಗು ಕುರಿದೊಡ್ಡಿಯ ಗೂಟಕ್ಕೆ ತೂಗುತ್ತಿತ್ತು. ನೀಲಿ ಬಣ್ಣವೇ ಉಳಿದಿರಲಿಲ್ಲ, ಬರೀ ಕುರಿಯ ವಾಸನೆ. ಮೂಗು ಮುಚ್ಚದೆ ಹೆಗಲಿಗೇರಿಸಿದೆ.

ಎರಡನೆಯ ದಿನವೇ ಒಂದು ಕುರಿ ಈಯಿತು. ಕಾಕಾ ಮರಿಯನ್ನೆತ್ತಿಕೊಂಡು ಬಂದು ನನ್ನ ಬೆನ್ನಿನ ಬ್ಯಾಗಿನೊಳಗೆ ಇಳಿಬಿಟ್ಟರು. ತಾಯಿ ಹಿಂದಿನಿಂದ ಬಂದು ಬ್ಯಾಗು ಮೂಸಿ, ನನ್ನ ಕಾಲಿಗೆ ಮೈ ತಾಗಿಸಿಕೊಂಡೇ ನಡೆಯಿತು.

ಮುಂದೆ ಹೋಗುತ್ತಿದ್ದ ಕಾಕಾನ ಹೆಗಲಲ್ಲಿ ಜೋಳಿಗೆ ಖಾಲಿಯೇ ಇತ್ತು.