ಕತ್ತಲೆಯಲ್ಲಿ ಬೆರಳು ಕಾಣುವುದಿಲ್ಲ

ಸಿನಿಮಾ ನೋಡಿ ಮಗುವಿಗೆ ಮಾತು ಬಂತು ಎಂದು ನನ್ನ ಮಗಳು ಇವತ್ತಿಗೂ ಕಂಡವರಿಗೆಲ್ಲ ಹೇಳುತ್ತಾಳೆ. ಅದು ಸುಳ್ಳು. ಮಾತು ಮೊದಲೇ ಇತ್ತು. ಅದನ್ನು ಬಾಯಿಂದ ಹೊರಡಿಸುವ ಅಗತ್ಯ ನಮ್ಮ ಮನೆಯಲ್ಲಿ ಆ ಮಗುವಿಗೆ ಬಿದ್ದಿರಲಿಲ್ಲ, ಅಷ್ಟೇ.

ನಾನು ಮಗಳ ಬಾಣಂತನಕ್ಕೆಂದು ರೋಹಿಣಿ ಬಡಾವಣೆಗೆ ಬಂದವಳು. ಬಾಣಂತನ ಮುಗಿಯಿತು, ಮಗಳ ರಜೆಯೂ ಮುಗಿಯಿತು, ನಾನು ಉಳಿದುಕೊಂಡೆ. ಮಗಳಿಗೂ ಅಳಿಯನಿಗೂ ಆಫೀಸು ಇರುವುದು ಗುರುಗ್ರಾಮದಲ್ಲಿ. ಬೆಳಿಗ್ಗೆ ಮೆಟ್ರೋ ಹತ್ತಿದರೆ ದೀಪ ಹಚ್ಚುವ ಹೊತ್ತು ದಾಟಿದ ಮೇಲೇ ಮನೆಗೆ. ಹಾಗಾಗಿ ಮೊಮ್ಮಗಳನ್ನು ಎರೆದು, ಉಣ್ಣಿಸಿ, ಮಲಗಿಸಿದ್ದೆಲ್ಲ ನಾನು. ಶಾಲೆಯನ್ನು ಮೂರನೇ ಕ್ಲಾಸಿಗೇ ಬಿಟ್ಟವಳು ನಾನು. ನನಗೆ ಬರುವುದು ಕನ್ನಡ ಒಂದೇ. ಅದರಲ್ಲೇ ಬೈದೆ, ಅದರಲ್ಲೇ ಮುದ್ದು ಮಾಡಿದೆ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಹಿಂದಿಯನ್ನೂ ಕಲಿತುಕೊಂಡೆ. ಅದಕ್ಕಿಂತ ಹೆಚ್ಚು ಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಮಗುವಿಗೆ ನಾಲ್ಕು ತುಂಬಿದರೂ ಪ್ಲೇ ಸ್ಕೂಲಿನಲ್ಲಿ ಬಾಯಿ ಬಿಡುವುದಿಲ್ಲ ಎಂದು ದೂರು ಬಂತು. ಮನೆಯಲ್ಲೂ ಅಷ್ಟಕ್ಕಷ್ಟೇ. ಹಾಲು ಬೇಕಾದರೆ ಲೋಟದ ಕಡೆ ಬೆರಳು, ಆಟದ ಸಾಮಾನು ಬೇಕಾದರೆ ಕಪಾಟಿನ ಕಡೆ ಬೆರಳು. ಮಿಸ್ಸು ಮಗಳನ್ನು ಕರೆಸಿ, ಮನೆಯಲ್ಲಿ ಅಜ್ಜಿಯದೊಂದು ಭಾಷೆ, ನಿಮ್ಮದೊಂದು, ಹೊರಗೆ ಇನ್ನೊಂದು ಆದರೆ ಮಗುವಿಗೆ ಗೊಂದಲವಾಗದೆ ಇನ್ನೇನಾಗುತ್ತದೆ ಎಂದರಂತೆ. ಅವತ್ತು ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಮ್ಮ, ಸ್ವಲ್ಪ ದಿನ ಅವಳ ಹತ್ರ ಕನ್ನಡ ಬೇಡ."

"ಮತ್ತೆ?"

"ಹಿಂದಿ ಮಾತಾಡು. ಬರತ್ತಲ್ಲ ನಿಂಗೆ."

"ನನಗೆ ಬರೋದು ಬದನೆಕಾಯಿ ಹಿಂದಿ."

"ಅಮ್ಮ, ಪ್ಲೀಸ್. ತಮಾಷೆ ಅಲ್ಲ ಇದು."

ತಮಾಷೆಯಲ್ಲ ಎಂದು ನನಗೂ ಗೊತ್ತಿತ್ತು. ಅವಳ ಮುಖದಲ್ಲಿ ಹೆದರಿಕೆ ಕಾಣುತ್ತಿತ್ತು. ಒಪ್ಪಿಕೊಂಡೆ. ಮಾರನೆಯ ದಿನದಿಂದ ನಾನು ಮಗುವಿಗೆ "ಖಾವೋ", "ಸೋ ಜಾವೋ", "ಇಧರ್ ಆವೋ" ಎನ್ನತೊಡಗಿದೆ. ತಿನ್ನು, ಮಲಗು, ಇಲ್ಲಿ ಬಾ ಎಂಬಷ್ಟು ಮಾತಿನಲ್ಲಿ ನಾಯಿ ಸಾಕಬಹುದು, ಮಗುವನ್ನಲ್ಲ. ಅದು ನನ್ನ ಮುಖ ನೋಡುತ್ತಿತ್ತು, ನಾನು ಅದರ ಮುಖ ನೋಡುತ್ತಿದ್ದೆ. ಹಗಲೆಲ್ಲ ಆ ಫ್ಲ್ಯಾಟಿನಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಮಧ್ಯಾಹ್ನ ಅರಸೀಕೆರೆಯ ತಂಗಿಗೆ ಫೋನು ಮಾಡಿ, ಹಿತ್ತಿಲ ಕಡೆಯ ರೂಮು ಖಾಲಿ ಇದೆಯಾ ಎಂದು ಕೇಳಿದೆ. ಇದೆ ಎಂದಳು. ಮೊಮ್ಮಗಳ ಜೊತೆ ಮಾತಾಡುವ ಹಾಗಿಲ್ಲವೆಂದರೆ ನಾನು ಆ ಮನೆಯಲ್ಲಿ ಆಯಾ ಆಗಿ ಇರುವವಳಲ್ಲ ಎಂದು ಒಳಗೇ ನಿಶ್ಚಯ ಮಾಡಿಕೊಂಡಿದ್ದೆ. ಟಿಕೇಟು ತೆಗೆಸಲು ಅಳಿಯನಿಗೆ ಹೇಳುವುದೊಂದೇ ಬಾಕಿ.

ಅಷ್ಟರಲ್ಲಿ ಮಗಳು ಹೊಸ ಔಷಧಿ ಕಂಡುಹಿಡಿದಳು. ಮಕ್ಕಳ ಕಾರ್ಟೂನ್ ಸಿನಿಮಾ, ಪೂರ್ತಿ ಹಿಂದಿ, ದೊಡ್ಡ ಪರದೆ. ಕಣ್ಣಿಂದ ನೋಡುತ್ತ ಕಿವಿಯಲ್ಲಿ ಕೇಳಿದರೆ ಭಾಷೆ ಬೇಗ ಹತ್ತುತ್ತದೆ ಎಂದು ಯಾರೋ ಹೇಳಿದ್ದರಂತೆ. ಮಗು ಅದುವರೆಗೆ ಥಿಯೇಟರಿನ ಮುಖ ನೋಡಿರಲಿಲ್ಲ. ಅಳಿಯನಿಗೆ ಭಾನುವಾರವೂ ಏನೋ ಮೀಟಿಂಗು. ಹಾಗಾಗಿ ನಾವು ಮೂವರು ಹೆಂಗಸರು ಪೀತಮ್‌ಪುರದ ಕಡೆಯ ಮಾಲ್‌ಗೆ ಹೊರಟೆವು. ಆಟೋದಲ್ಲಿ ಮಗಳು ಮತ್ತೆ ಹೇಳಿದಳು: "ಅಮ್ಮ, ಒಳಗೆ ಮಾತ್ರ ಕನ್ನಡ ಬೇಡ. ಎರಡು ಗಂಟೆ ಸುಮ್ಮನೆ ಕೂತ್ಕೋ, ಸಾಕು."

ಒಳಗೆ ಹೋದರೆ ಐಸಿನ ಪೆಟ್ಟಿಗೆಯ ಹಾಗೆ ಚಳಿ. ಮಗುವನ್ನು ಅದರ ಸೀಟಿನಲ್ಲಿ ಕೂರಿಸಿದೆವು. ಆ ಸೀಟುಗಳು ಮೇಲಕ್ಕೆ ಮಡಚಿಕೊಳ್ಳುವಂಥವು. ದೊಡ್ಡವರ ಭಾರಕ್ಕೆ ಮಾತ್ರ ಬಗ್ಗುತ್ತವೆ. ಮಗು ಕೂತ ಕೂಡಲೇ ಸೀಟು ಮಡಚಿಕೊಂಡು ಅದನ್ನು ನುಂಗಿತು. ಎರಡು ಪಾದ ಮೇಲೆ, ನಡುವೆ ಮೂಗು. ನಾನು ನಕ್ಕುಬಿಟ್ಟೆ. ಮಗಳು ಗಾಬರಿಯಾಗಿ ಎಳೆದಳು, ಮತ್ತೆ ಕೂರಿಸಿದಳು, ಮತ್ತೆ ನುಂಗಿತು. "ಕೊಡು ಇಲ್ಲಿ" ಎಂದು ನಾನೇ ಮಡಿಲಿಗೆ ಎತ್ತಿಕೊಂಡು ಶಾಲು ಸುತ್ತಿದೆ.

ದೀಪ ಆರಿತು. ಸದ್ದು ಎದೆಗೇ ಗುದ್ದಿತು. ಮಗು ನನ್ನ ಕುತ್ತಿಗೆ ಹಿಡಿದುಕೊಂಡಿತು, ಆದರೆ ಅಳಲಿಲ್ಲ. ಪರದೆಯ ಮೇಲೆ ಒಂದು ಒಂಟೆಮರಿ ಬಂತು, ಮರಳು ಬಂತು, ಒಂದು ಕಾಗೆ ಬಂತು. ಆ ಕಾಗೆ ಹಿಂದಿಯಲ್ಲಿ ಬಡಬಡನೆ ಅರಚಿತು. ಥಿಯೇಟರಿನ ಮಕ್ಕಳೆಲ್ಲ ನಕ್ಕವು. ನನಗೆ ಒಂದಕ್ಷರ ಹತ್ತಲಿಲ್ಲ.

ನನ್ನ ಕಾಲದಲ್ಲಿ ಸಿನಿಮಾ ನೋಡುವ ರೀತಿ ಬೇರೆ. ನಮ್ಮೂರ ಟೆಂಟಿನಲ್ಲಿ ತಡವಾಗಿ ಬಂದವರು ಕೂರುವ ಮೊದಲೇ "ಇಲ್ಲೀವರೆಗೆ ಏನಾಯ್ತು?" ಎಂದು ಕೇಳುತ್ತಿದ್ದರು. ಅಕ್ಕಪಕ್ಕದ ಚಾಪೆಯವರು ಕಥೆಯನ್ನು ಮೊದಲಿನಿಂದ ಒಪ್ಪಿಸುತ್ತಿದ್ದರು. ಒಬ್ಬರು ತಪ್ಪು ಹೇಳಿದರೆ ಹಿಂದಿನವರು ತಿದ್ದುತ್ತಿದ್ದರು. ನಮ್ಮತ್ತೆಗೆ ಕಿವಿ ಮಂದ. ಅವರಿಗಾಗಿ ನಾನು ಹೀರೋನ ಮಾತನ್ನೂ ಹೇಳಬೇಕಿತ್ತು, ವಿಲನ್ನನ ಮಾತನ್ನೂ ಹೇಳಬೇಕಿತ್ತು. ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳುವುದರಲ್ಲಿ ನಮಗೆ ನಾಚಿಕೆಯೇ ಇರಲಿಲ್ಲ. ನನ್ನ ಪಕ್ಕದಲ್ಲಿ, ಅಂದರೆ ಮಡಿಲಲ್ಲಿ, ಈಗ ಇದ್ದದ್ದು ಮಗು. ಬಾಯಿ ತಾನಾಗಿ ತೆರೆದುಕೊಂಡಿತು.

"ಏನಂತೆ ಕಾಗೆಗೆ?"

ಮಗು ಕೈಯೆತ್ತಿ ಪರದೆಯ ಕಡೆ ತೋರಿಸಿತೋ ಏನೋ. ಆ ಕತ್ತಲೆಯಲ್ಲಿ, ಶಾಲಿನೊಳಗೆ, ನನಗೆ ಏನು ಕಾಣಬೇಕು?

"ಕಾಣಲ್ಲ ಕಣೇ. ಬಾಯಲ್ಲಿ ಹೇಳು. ಏನಂತು ಕಾಗೆ?"

ಮಗು ಮಡಿಲಲ್ಲೇ ತಿರುಗಿತು. ಆಮೇಲೆ ನನ್ನ ಕಿವಿಗೆ ಬಾಯಿ ತಂದು ಹೇಳಿತು: "ಒಂಟೆ ದಡ್ಡ ಅಂತು."

ನಾನು ಅಲ್ಲಾಡಲಿಲ್ಲ. ಕೊಂಡಾಡಿದರೆ ನಿಲ್ಲಿಸಿಬಿಡುತ್ತದೆ, ಮಕ್ಕಳ ಜಾತಿಯೇ ಹಾಗೆ. "ಯಾಕೆ ದಡ್ಡ?" ಎಂದೆ, ಏನೂ ಆಗದವಳ ಹಾಗೆ.

"ಮಮ್ಮಿ ಆಕಡೆ ಹೋಯ್ತು. ಇದು ಈಕಡೆ ಬಂತು. ಖೋ ಗಯಾ."

"ಅಯ್ಯೋ ಪೆದ್ದು, ಕಳೆದುಹೋಯ್ತಾ? ಈಗ?"

"ಈಗ ಅಳ್ತಾ ಇದೆ. ಅಜ್ಜಿ, ನೋಡು ನೀನು! ಕೇಳ್ತಾನೇ ಇರಬೇಡ!"

ನನ್ನ ನಾಲ್ಕು ವರ್ಷದ ಮೊಮ್ಮಗಳು ನನ್ನನ್ನು ಗದರಿಸಿದಳು, ಅದೂ ಕನ್ನಡದಲ್ಲಿ. ಪಕ್ಕದಲ್ಲಿ ಮಗಳು ನನ್ನ ಮೊಣಕೈ ತಿವಿದಳು. "ಅಮ್ಮ! ಏನು ಹೇಳಿದ್ದೆ ನಾನು?"

"ನಾನೆಲ್ಲಿ ಮಾತಾಡ್ತಿದೀನಿ? ನಿನ್ನ ಮಗಳು ಮಾತಾಡ್ತಿದಾಳೆ. ಕಿವಿ ಇಟ್ಟು ಕೇಳು."

ಅವಳು ಬಗ್ಗಿದಳು. ಅದೇ ಹೊತ್ತಿಗೆ ಒಂಟೆಯನ್ನು ಯಾರೋ ಹಗ್ಗ ಕಟ್ಟಿ ಎಳೆದುಕೊಂಡು ಹೊರಟರು. ಮಗು ಈಗ ನಾನು ಕೇಳುವವರೆಗೂ ಕಾಯಲಿಲ್ಲ. "ಕಳ್ಳರು ಬಂದ್ರು ಅಜ್ಜಿ, ಇವರು ಗಂದೇ ಅಂಕಲ್, ಒಂಟೇನ ಬಜಾರ್‌ಗೆ ತಗೊಂಡು ಹೋಗ್ತಾರೆ, ಕಾಗೆ ಹೇಳಕ್ಕೆ ಹೋಗ್ತಿದೆ" ಎಂದು ಒಂದೇ ಉಸಿರಿಗೆ ಒದರಿತು. ಗುಟ್ಟಾಗಿ ಹೇಳುವುದೆಲ್ಲ ಮರೆತುಹೋಗಿತ್ತು. ಮುಂದಿನ ಸಾಲಿನ ಹೆಂಗಸು ತಿರುಗಿ, ಮಗುವನ್ನು ಸುಮ್ಮನಿರಿಸಿ ಎಂದಳು.

"ಆಂಟೀಜಿ, ಬಚ್ಚೀ ಕೋ ಚುಪ್ ಕರಾಯಿಯೇ ನಾ."

ಮಗಳು ಏನು ಹೇಳಿಯಾಳು ಎಂದು ಕಾದೆ. ಇಷ್ಟು ದಿನ ಮಗುವಿನ ಬಾಯಿ ತೆರೆಸಲು ಪಾಡುಪಟ್ಟವಳು ಅವಳು. "ಸಾರಿ" ಎಂದಳು, ಆದರೆ ಮಗುವನ್ನು ತಡೆಯಲಿಲ್ಲ. ಅವಳ ಬಟ್ಟಲಿನ ಪಾಪ್‌ಕಾರ್ನ್ ಕೊನೆಯವರೆಗೂ ಹಾಗೇ ಉಳಿಯಿತು. ಒಂಟೆಗೆ ತಾಯಿ ಸಿಕ್ಕಿತು, ಕಳ್ಳರನ್ನು ಕಾಗೆ ಕುಕ್ಕಿತು. ಅದೆಲ್ಲವೂ ನನಗೆ ಮಗುವಿನ ಬಾಯಿಂದಲೇ ತಿಳಿಯಿತು. ಸಿನಿಮಾ ಚೆನ್ನಾಗಿತ್ತೋ ಇಲ್ಲವೋ ಹೇಳಲಾರೆ. ಕಥೆ ಹೇಳಿದ ರೀತಿ ಚೆನ್ನಾಗಿತ್ತು.

ಹಿಂತಿರುಗುವಾಗ ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಯಿತು. ಮಗಳು ರಸ್ತೆಯ ಕಡೆ ಮುಖ ತಿರುಗಿಸಿಕೊಂಡಳು. ಕಣ್ಣು ಒರೆಸಿಕೊಂಡಳು. ನಾನು ನೋಡದವಳ ಹಾಗೆ ಇದ್ದೆ.

"ಅದಕ್ಕೆ ಹಿಂದಿ ಅರ್ಥ ಆಗತ್ತೆ" ಎಂದಳು. "ಎಲ್ಲಾ ಅರ್ಥ ಆಗತ್ತೆ. ಅಷ್ಟನ್ನೂ ಕನ್ನಡ ಮಾಡಿ ಹೇಳ್ತು."

"ಹೂಂ."

"ಮತ್ತೆ ಮನೇಲಿ ಯಾಕೆ ಹೇಳಲ್ಲ?"

"ಬೆರಳು ತೋರಿಸೋದ್ರೊಳಗೆ ನೀನು ಓಡಿ ಹೋಗಿ ತಂದುಕೊಡ್ತೀಯ. ನಾನೂ ತಂದುಕೊಡ್ತೀನಿ. ನಿನ್ನ ಗಂಡನಂತೂ ಬೆರಳು ಏಳೋಕ್ಕೂ ಮುಂಚೆ ಓಡ್ತಾನೆ. ಅದಕ್ಕೇನು ಹುಚ್ಚಾ, ಬಾಯಿ ನೋಯಿಸಿಕೊಳ್ಳಕ್ಕೆ?"

ಮಗಳಿಗೆ ನಗು ಬಂತು, ಆದರೆ ಪೂರ್ತಿ ಬಿಟ್ಟುಕೊಡಲಿಲ್ಲ. "ಮಿಸ್‌ಗೆ ಏನು ಹೇಳ್ಲಿ ಅಮ್ಮ? ಒಂದೇ ಭಾಷೆ ಅಂದಿದಾರೆ ಅವರು."

"ಅವರ ಸ್ಕೂಲಲ್ಲಿ ಅವರು ಒಂದೇ ಭಾಷೆ ಮಾತಾಡ್ಲಿ. ಬೇಡ ಅಂದೋರು ಯಾರು?"

"ಅಮ್ಮ…"

"ನೋಡು, ನಾಳೆಯಿಂದ ನಾನು ಅದರ ಹತ್ರ ಕನ್ನಡ ಮಾತಾಡ್ತೀನಿ. ಬೇಡ ಅಂದ್ರೆ ಈಗ್ಲೇ ಹೇಳು. ಅರಸೀಕೆರೆಗೆ ಟಿಕೇಟು ತೆಗೆಸು, ತಂಗಿ ರೂಮು ಇಟ್ಟಿದಾಳೆ."

ಅವಳು ಥಟ್ಟನೆ ತಿರುಗಿದಳು. ನಾನು ಅಲ್ಲಿಯವರೆಗೆ ಯೋಚಿಸಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಮಗುವಿನ ಕಾಲಿಂದ ಜಾರಿದ್ದ ಶಾಲನ್ನು ಸರಿಮಾಡಿ, ಉಳಿದ ತುದಿಯನ್ನು ನನ್ನ ಮೊಣಕಾಲಿಗೂ ಹೊದಿಸಿದಳು. ನನ್ನ ಮಗಳು ಸೋತಾಗ ಬಾಯಲ್ಲಿ ಹೇಳುವವಳಲ್ಲ.

ಮಾರನೆಯ ಬೆಳಿಗ್ಗೆ ಅವಳು ಗೇಟಿನ ಹತ್ತಿರ ಮೆಟ್ರೋ ಸ್ಟೇಷನ್ನಿಗೆ ಹೋಗುವ ಕ್ಯಾಬಿಗೆ ಕಾಯುತ್ತಿದ್ದಾಗ ನಾನು ಮಗುವಿನ ಕೈ ಹಿಡಿದು ತರಕಾರಿ ಗಾಡಿಯ ಬಳಿಗೆ ಹೋದೆ. ಬೀನ್ಸ್ ಒಂದನ್ನು ಮುರಿದು ನೋಡಿದೆ. ವ್ಯಾಪಾರ ಮಾಡುವಷ್ಟು ಹಿಂದಿ ನನಗೇ ಬರುತ್ತಿತ್ತು. ಆದರೂ ಇಡೀ ಬೀದಿಗೆ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದೆ: "ಬೀನ್ಸ್ ಬರೀ ನಾರು, ನೆನ್ನೇದು. ಹೊಸದು ಒಳಗಿಟ್ಟಿದಾನೆ, ತೆಗಿ ಅಂತ ಹೇಳೇ ಅವನಿಗೆ."

ಮಗು ನನ್ನ ಮುಖ ನೋಡಿತು, ಅವನ ಮುಖ ನೋಡಿತು. "ಭಯ್ಯಾ, ಯೇ ಗಂದಾ ಹೈ. ಅಚ್ಛಾವಾಲಾ ನಿಕಾಲೋ. ಛುಪಾಯಾ ಹೈ ಆಪ್‌ನೇ."

"ಅರೇ ಬಾಪ್‌ರೇ, ಥಾನೇದಾರ್‌ನೀ!" ಎಂದು ಅವನು, ಪೊಲೀಸಮ್ಮನೇ ಎದುರು ನಿಂತಿರುವ ಹಾಗೆ, ಗೋಣಿಯ ಕೆಳಗಿಂದ ಎಳೆ ಬೀನ್ಸ್ ತೆಗೆದ. ಗೇಟಿನ ಹತ್ತಿರ ನಿಂತವಳು ಕೇಳಿಸಿಕೊಂಡಳೋ ಇಲ್ಲವೋ ಎಂದು ನಾನು ತಿರುಗಿ ನೋಡಲಿಲ್ಲ. ಟೊಮೇಟೊ ಆರಿಸುತ್ತ, ಈಗ ಕೊತ್ತಂಬರಿ ಕೇಳು ಎಂದು ಮಗುವಿಗೆ ಹೇಳಿದೆ.