ಎಳ್ಳಮಾಸಿಗೆ ಹೊಲಕ್ಕೆ ಹೋಗದವರು

ತಪಾಸಣೆಗೆ ಬಂದವರಿಗೆ ತಪಾಸಣೆ ಶುರುವಾಗುವ ಮೊದಲೇ ಶಾಲು ಹೊದಿಸಿದ್ದನ್ನು ನೀವು ಎಲ್ಲಾದರೂ ನೋಡಿದ್ದೀರಾ? ಹೋದ ವಾರ ನನಗೆ ಹೊದಿಸಿದರು. ಬೀದರ್ ಊರಾಚೆಯ ಒಂದು ಬೇಳೆ ಗಿರಣಿಯಲ್ಲಿ.

ಭಾಲ್ಕಿಯಲ್ಲಿ ಕೂತು ಅಂಕಣ ಬರೆಯುವವನಿಗೆ ಗಿರಣಿಯಲ್ಲಿ ಏನು ಕೆಲಸ ಅಂತೀರಾ? ನನ್ನ ಗೆಳೆಯನ ಮಗಳು ಅನಘಾ ಮೈಸೂರಿನವಳು. ದೊಡ್ಡ ಅಂಗಡಿಗಳಲ್ಲಿ ಮಾರುವ ಸಾಮಾನು ಎಲ್ಲೆಲ್ಲಿಂದ ಬರುತ್ತದೆ, ಅಲ್ಲಿ ಯಾರನ್ನಾದರೂ ಬಲವಂತವಾಗಿ ದುಡಿಸುತ್ತಾರಾ ಅಂತ ನೋಡಿ ವರದಿ ಕೊಡುವುದು ಅವಳ ನೌಕರಿ. ಅದಕ್ಕೆ ‘ಸಪ್ಲೈ ಚೈನ್ ಆಡಿಟ್’ ಎಂಬ ಭಾರೀ ಹೆಸರಿದೆ. ‘ಅಂಕಲ್, ನಿಮ್ಮ ಕಡೆಯ ಮಾತು ನನಗೆ ಅರ್ಧ ಅರ್ಥ ಆಗಲ್ಲ, ಜೊತೆಗೆ ಬನ್ನಿ’ ಎಂದಳು. ಕನ್ನಡದಿಂದ ಕನ್ನಡಕ್ಕೆ ಅನುವಾದ! (ನನ್ನ ಹೆಂಡತಿಯ ಪ್ರಕಾರ ನನಗೆ ಸಿಕ್ಕ ಮೊದಲ ಘನತೆಯ ಕೆಲಸ.) ಬಸ್ಸು ಹಿಡಿದು ನೌಬಾದದಲ್ಲಿ ಇಳಿದೆ, ಅವಳ ಕಾರು ಹತ್ತಿದೆ.

ಗಿರಣಿಯ ಮ್ಯಾನೇಜರ್ ಬಲು ಆದರದ ಮನುಷ್ಯ. ಅನಘಾ ಶಾಲನ್ನು ಮಡಚಿ ಮೇಜಿನ ಮೇಲಿಟ್ಟು, ‘ಇದನ್ನೆಲ್ಲ ನಾವು ತಗೊಳ್ಳೋ ಹಾಗಿಲ್ಲ ಸರ್’ ಎಂದಾಗ ಅವರಿಗೆ ನಿಜವಾಗಿಯೂ ಬೇಜಾರಾಯಿತು.

‘ಇಲ್ಲಿ ಎಲ್ಲಾರು ಮನಿ ಮಂದಿ ಇದ್ದಂಗ ಅದಾರ್ರಿ ಮೇಡಂ. ನೀವ ಕೇಳ್ರಿ ಬೇಕಾದ್ರ’ ಎಂದರು.

ಕೇಳಿದೆವು. ಉದ್ದನೆಯ ಶೆಡ್ಡು. ಸಾಲಾಗಿ ಕೂತ ಹೆಂಗಸರು ಮೊರ ಹಿಡಿದು ತೊಗರಿ ಬೇಳೆ ಹಸನು ಮಾಡುತ್ತಿದ್ದರು. ಸೀಜನ್ ಮುಗಿಯುವ ತನಕ ಅವರ ವಾಸವೂ ಕಾಂಪೌಂಡಿನೊಳಗೇ. ‘ನಿಮ್ಮ ಇಚ್ಛೆಯಿಂದ ಕೆಲಸ ಮಾಡ್ತಿದ್ದೀರಾ?’ ಎಂದು ಅನಘಾ ಕೇಳಿದಳು. ನಾನು ಅದನ್ನು ‘ಜಬರ್ದಸ್ತಿ ಏನಾರ ಅದಾ ನಿಮಗ?’ ಎಂದು ಮಾಡಿದೆ.

‘ಇಲ್ರಿ.’

‘ಸೂಟಿ, ರಜಾ ಸಿಗತದಾ?’

‘ಸಿಗತದ್ರಿ.’

ಒಬ್ಬಳೂ ತಡವರಿಸಲಿಲ್ಲ. ಎಲ್ಲರದೂ ಅದೇ ಉತ್ತರ, ಅದೇ ಧಾಟಿ. ಅನಘಾಗೆ ಸಮಾಧಾನವಾದಂತೆ ಕಂಡಿತು. ನನಗೂ ಆಯಿತು, ಊಟದ ಹೊತ್ತಾಗಿತ್ತು ನೋಡಿ.

ಮ್ಯಾನೇಜರ್ ಊಟದ ವ್ಯವಸ್ಥೆಗೆ ಹೋದರು. ಅನಘಾ ಶೌಚಾಲಯ ನೋಡಲು ಹೋದಳು. ಸುಮ್ಮನೆ ನಿಂತಿರುವುದು ನನ್ನ ಜಾಯಮಾನವಲ್ಲ. ಹತ್ತಿರ ಕೂತಿದ್ದ ಹೆಂಗಸನ್ನು ಮಾತಾಡಿಸಿದೆ. ಹೆಸರು ಶಾಂತಮ್ಮ.

‘ಯಾವೂರವ್ವಾ ನಿಂದು?’

‘ಸಂತಪುರ್ರಿ.’

‘ಎಳ್ಳಮಾಸಿಗಿ ಯಾರ ಹೊಲಕ್ಕ ಹೋಗಿದ್ದಿ?’

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಎಳ್ಳು ಅಮಾವಾಸ್ಯೆಯ ದಿನ ಬೀದರ್, ಭಾಲ್ಕಿ, ಔರಾದ್ ಮೂರೂ ಬಿಕೋ ಎನ್ನುತ್ತವೆ. ಅಂಗಡಿ ಬಂದ್. ಊರಿಗೆ ಊರೇ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲದಲ್ಲಿರುತ್ತದೆ. ಸ್ವಂತ ಹೊಲ ಇಲ್ಲದವರನ್ನು ಇನ್ಯಾರೋ ಕೈಹಿಡಿದು ಕರೆದೊಯ್ಯುತ್ತಾರೆ. ಆದ್ದರಿಂದ ಇದು ಪ್ರಶ್ನೆಯೇ ಅಲ್ಲ, ಮಾತಿಗೊಂದು ನೆಪ. ಅವರು ಯಾರದೋ ಹೊಲದ ಹೆಸರು ಹೇಳುತ್ತಾರೆ, ನಾವು ಭಜ್ಜಿ ಹೇಗಾಗಿತ್ತು ಎನ್ನುತ್ತೇವೆ.

ಶಾಂತಮ್ಮ ಪಕ್ಕದವಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

‘ಹೋಗಿಲ್ರಿ. ಇದನ್ನ ಕೇಳ್ತಾರಂತ ಜಮಾದಾರ ಹೇಳಿಕೊಟ್ಟಿದ್ದಿಲ್ರಿ.’

ಜಮಾದಾರ ಅಂದರೆ ಹಳ್ಳಿಗಳಿಂದ ಹೆಂಗಸರನ್ನು ಕರೆತಂದು ಕೆಲಸಕ್ಕೆ ಹಚ್ಚುವವನು. ಮಿಕ್ಕ ಪ್ರಶ್ನೆಗಳಿಗೆಲ್ಲ ಉತ್ತರ ಕಲಿಸಿದ್ದ. ಪಾಪ, ಇದೊಂದು ಅವನ ಸಿಲೆಬಸ್ಸಿನಲ್ಲಿ ಇರಲಿಲ್ಲ.

‘ಗೇಟ್ ದಾಟಿ ಹೋಗಿಬಿಡಬೇಕಿಲ್ಲ?’ ಎಂದೆ. ಬಸ್ಸು ಹತ್ತಿ ಮನೆಗೆ ಹೋಗಬಲ್ಲವರು ಕೇಳುವ ಪ್ರಶ್ನೆ.

‘ಆಧಾರ್ ಕಾರ್ಡ್, ಫೋನ್ ಎರಡೂ ಅವನ ಪೆಟಿಗ್ಯಾಗ ಅದಾವ್ರಿ. ಹೋಗೋದಿದ್ರ ಮನಿಯಾಗಿಂದ ಬದಲಿ ತಂದು ನಿಲ್ಲಸು, ಆಮ್ಯಾಲ ಹೋಗು ಅಂತಾನ. ನನಗ ಬದಲಿ ಯಾರ ಅದಾರ್ರಿ? ಇರಾಕಿ ಮಗಳೊಬ್ಬಾಕಿ. ಅಕಿಗಿ ಒಂಬತ್ತು ತಿಂಗಳ ತುಂಬ್ಯಾವ. ಚೊಚ್ಚಲ ಹೆರಿಗಿಗಿ ತವರಿಗಿ ಬಂದಾಳ್ರಿ. ತವರಾಗ ನಾನ ಇಲ್ಲ.’

ನನ್ನ ಹಸಿವು ಅಲ್ಲಿಗೇ ಸತ್ತಿತು. ಸಂತಪುರ ಇಲ್ಲಿಂದೇನು ದೇಶಾಂತರವೇ? ಬಸ್ಸುಗಳಿವೆ. ಆ ಹುಡುಗಿ ತುಂಬಿದ ಬಸಿರಿನಲ್ಲಿ ತನ್ನ ರೊಟ್ಟಿ ತಾನೇ ಬಡಿದುಕೊಳ್ಳುತ್ತಿದ್ದಾಳೆ. ತಾಯಿ ಇಲ್ಲಿ ನಿಮ್ಮ ನನ್ನ ಸಾರಿನ ಬೇಳೆಯಲ್ಲಿ ಹರಳು ಹುಡುಕುತ್ತಿದ್ದಾಳೆ.

ಅನಘಾ ಬಂದಳು. ಹೇಳಿದೆ. ಸಿಟ್ಟಿನಲ್ಲಿದ್ದೆ, ‘ಆರ್ಡರ್ ಕ್ಯಾನ್ಸಲ್ ಮಾಡಿಸಿಬಿಡು’ ಎಂದೂ ಸೇರಿಸಿದೆ.

‘ಅದು ಸುಲಭ ಅಂಕಲ್. ನಾಳೆ ಇವರು ಇನ್ನೊಬ್ಬರಿಗೆ ಬೇಳೆ ಮಾರ್ತಾರೆ. ಈ ಹೆಂಗಸರು ಇಲ್ಲೇ ಇರ್ತಾರೆ’ ಎಂದಳು. ‘ಈಗ ಒಂದು ಕೆಲಸ ಮಾಡಿ. ಇವರೊಬ್ಬರೇ ಹೇಳಿದ್ದು ಅಂತ ಆಗಬಾರದು. ಅದೇ ಪ್ರಶ್ನೆ ಎಲ್ಲರನ್ನೂ ಕೇಳಿ, ಮ್ಯಾನೇಜರ್ ಮುಂದೆಯೇ.’

ಮ್ಯಾನೇಜರ್ ಬಂದ ಮೇಲೆ ಸಾಲಿನ ಆ ತುದಿಯಿಂದ ಶುರುಮಾಡಿದೆ. ಎಳ್ಳಮಾಸಿಗಿ ಯಾರ ಹೊಲಕ್ಕ ಹೋಗಿದ್ದಿ ಯವ್ವಾ? ಹೋಗಿಲ್ರಿ. ನೀನು? ಹೋಗಿಲ್ರಿ. ಶೆಡ್ಡಿನ ಈ ತುದಿಗೆ ಬರುವ ತನಕ ಬೇರೆ ಉತ್ತರ ಸಿಗಲಿಲ್ಲ. ಮ್ಯಾನೇಜರ್ ಬೀದರಿನವರೇ. ಅವರಿಗೆ ಅನುವಾದ ಬೇಕಾಗಲಿಲ್ಲ. ಈ ಬದಲಿಯ ಕಥೆ ಏನು ಎಂದು ಅನಘಾ ಕೇಳಿದಳು.

‘ಬದಲಿ ಇಡೋದು ನಮ್ಮ ಕಡಿ ಹಿಂದಿನಿಂದ ನಡಕೊಂಡ ಬಂದದ್ರಿ ಮೇಡಂ. ನಾವೇನು ಹೊಸದಾಗಿ ಮಾಡಿಲ್ಲ’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದರಲ್ಲಿ ತಪ್ಪೇನಿದೆ ಎಂದು ಅವರಿಗೆ ಪ್ರಾಮಾಣಿಕವಾಗಿಯೇ ತಿಳಿದಿರಲಿಲ್ಲ. ನನಗೆ ಅದೇ ಹೆಚ್ಚು ಭಯ ಹುಟ್ಟಿಸಿತು.

ಅನಘಾ ದನಿ ಏರಿಸಲಿಲ್ಲ. ಕಾರ್ಡು, ಫೋನು ಈಗಲೇ ಅವರವರ ಕೈಗೆ. ಗೇಟಿಗೆ ಹಗಲು ಬೀಗವಿಲ್ಲ. ಹೋಗುವವರು ಹೋಗಬಹುದು, ಬದಲಿ ಇಲ್ಲದೆ. ಅದಾಗುವ ತನಕ ತನ್ನ ಸಹಿ ಇಲ್ಲ, ಆದಮೇಲೂ ಹೇಳದೆ ಕೇಳದೆ ಬಂದು ನೋಡುತ್ತೇನೆ ಎಂದಳು. ಅವರೆದುರೇ ಕಾರ್ಮಿಕ ಇಲಾಖೆಗೂ ಫೋನು ಮಾಡಿದಳು. ಮ್ಯಾನೇಜರ್ ಕರೆಸಿದ ಮೇಲೆ ಜಮಾದಾರ ಬಂದು ಪೆಟ್ಟಿಗೆ ತೆರೆದ.

ನಾವು ಪ್ಯಾಕೆಟ್ ತಿರುಗಿಸಿ ಎಕ್ಸ್‌ಪೈರಿ ನೋಡುತ್ತೇವೆ, ರೇಟು ನೋಡುತ್ತೇವೆ, ಪ್ರೋಟೀನ್ ಎಷ್ಟು ಅಂತಲೂ ನೋಡುತ್ತೇವೆ. ‘ಕೈಯಿಂದ ಆರಿಸಿದ್ದು’ ಎಂದು ಬರೆದಿದ್ದರೆ ಹಿಗ್ಗುತ್ತೇವೆ. ಆ ಕೈಯವಳಿಗೆ ಮನೆಗೆ ಹೋಗಲು ಬಿಡುತ್ತಾರಾ ಎಂದು ಅಂಗಡಿಯವನನ್ನು ಯಾರಾದರೂ ಕೇಳಿದ್ದೇವಾ? ಕೇಳಿದರೆ ಅವನು ನಕ್ಕಾನು. ನಗಲಿ ಬಿಡಿ. ಹತ್ತು ಜನ ಕೇಳಿದರೆ ಅವನೂ ತನಗೆ ಮಾಲು ಕೊಡುವವನನ್ನು ಕೇಳುತ್ತಾನೆ.

ಶಾಂತಮ್ಮನನ್ನು ನಾವೇ ಸಂತಪುರಕ್ಕೆ ಬಿಡಲು ಹೊರಟೆವು. ಬಟ್ಟೆಗಂಟನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನ ಅಂಚಿನಲ್ಲಿ ಕೂತಿದ್ದಳು. ಔರಾದ್ ರಸ್ತೆ ಹಿಡಿದ ಮೇಲೂ ತಿರುಗಿ ತಿರುಗಿ ನೋಡುತ್ತಿದ್ದಳು. ಫೋನಿನಲ್ಲಿ ಮಗಳಿಗೆ ‘ಬರಲತೀನಿ’ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಖುಷಿಯಾಗಿದ್ದಾಳೆ ಅಂದುಕೊಂಡು ನಾನು ಬೆನ್ನು ಆನಿಸಿ ಕೂತೆ. ಆಗ ಅವಳು ಮುಂದಕ್ಕೆ ಬಾಗಿ, ನನಗಷ್ಟೇ ಕೇಳುವಂತೆ ಕೇಳಿದಳು:

‘ಸರ, ನನ್ನ ಬದಲಿ ಅಲ್ಲಿ ಯಾರ್ನ ಬಿಟ್ಟ ಬಂದ್ರಿ?’