ಮಂಗಳವ್ವ ಮುಂದೂಡಿದ ಕುಬಸ

ಕುಪ್ಪೇಲೂರಿನ ಮಂಗಳವ್ವನಿಂದ ಬೈಸಿಕೊಳ್ಳದ ಬೀಜದ ಕಂಪನಿಯವರು ಯಾರೂ ಇಲ್ಲ. ನಾನಂತೂ ಹದಿನೈದು ವರ್ಷ ಬೈಸಿಕೊಂಡಿದ್ದೇನೆ. ಅವಳ ಟೊಮೆಟೊ ಬೀಜದ ಪ್ಲಾಟು ತಪಾಸಣೆ ಮಾಡುವುದು ನನ್ನ ನೌಕರಿ. ಬೇರೆ ತಳಿಯ ಬೆರಕೆ ಗಿಡವೊಂದು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಅವಳು ಅದನ್ನು ಕಿತ್ತು ಬದುವಿಗೆ ಎಸೆದಿರುತ್ತಿದ್ದಳು. ಸಂಜೆ ಮೊಗ್ಗು ಬಿಡಿಸಿ ಗಂಡುಕೇಸರ ತೆಗೆಯುವುದು, ಮರುದಿನ ಮುಂಜಾನೆ ಬೆರಳಿನ ಉಂಗುರದಲ್ಲಿ ತುಂಬಿಟ್ಟ ಪರಾಗವನ್ನು ಆ ಹೂವಿಗೆ ಮುಟ್ಟಿಸುವುದು, ಈ ಕ್ರಾಸಿಂಗ್ ಕೆಲಸದಲ್ಲಿ ಅವಳ ಬೆರಳಿಗೆ ಸಾಟಿಯಾದ ಬೆರಳನ್ನು ರಾಣೆಬೆನ್ನೂರು ತಾಲೂಕಿನಲ್ಲಿ ನಾನು ಕಂಡಿಲ್ಲ.

ಕಳೆದ ವರ್ಷ ಅವಳಿಗೆ ದೊಡ್ಡಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಿ ಅದು ಲಿವರಿಗೂ ಹಬ್ಬಿತ್ತು. ಮೊದಲು ಕೊಟ್ಟ ಕೀಮೋ ನಾಟಲಿಲ್ಲ. ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸಿದಾಗ, ಬ್ರಾಫ್ ಎಂಬ ಜೀನು ಬದಲಾಗಿದೆ ಎಂದು ವರದಿ ಬಂತು. ಅದಕ್ಕೆ ತಕ್ಕ ಗುಳಿಗೆ ದಿನಾ ನುಂಗಬೇಕು, ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಸಲೈನಿನಲ್ಲಿ ಇನ್ನೊಂದು ಔಷಧ ಹಾಕಿಸಿಕೊಳ್ಳಬೇಕು. ಗಂಡ ತೀರಿಹೋದವಳು, ಇಂಗ್ಲಿಷ್ ಕಾಗದ ಓದುವವನೆಂದು ನನ್ನನ್ನು ಕರೆದೊಯ್ಯುತ್ತಿದ್ದಳು. ಓದಿದ್ದೇ ತಪ್ಪಾಯಿತು. ಜೀನು ಅಂದರೇನು ಎಂದು ಕೇಳಿದಾಗ ನಾನು ಮಹಾ ಜಾಣನಂತೆ, "ನಮ್ಮ ಬೀಜದ ಗುಣ ಇದ್ದಂಗರಿ ಮಂಗಳಕ್ಕ" ಎಂದುಬಿಟ್ಟೆ.

ಅವಳು ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬೈಯದ ಮಂಗಳವ್ವನನ್ನು ನೋಡಿ ನನಗೆ ಹೆದರಿಕೆಯಾಯಿತು.

ಮಗಳು ಗಂಗಾಳನ್ನು ಅಗಡಿ ಎಂಬ ಊರಿಗೆ ಕೊಟ್ಟಿದ್ದಳು, ಅವಳು ಚೊಚ್ಚಲ ಬಸುರಿ. ಐದನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕುಬಸ ಮಾಡಬೇಕಿತ್ತು. ಮಂಗಳವ್ವ ಇವತ್ತು ನಾಳೆ ಎನ್ನುತ್ತ ಏಳನೇ ತಿಂಗಳಿಗೆ ತಂದಳು. ಗಂಗಾ ನನಗೆ ಫೋನ್ ಮಾಡಿ ಅತ್ತಳು.

"ಅವ್ವ ನನ್ನ ಮಾರೀನೂ ನೋಡವಲ್ಲಳು ಕಾಕಾ. ನಾ ಏನ್ ತಪ್ಪ ಮಾಡೇನಿ?"

ಬೇನೆಯ ಸಂಕಟವಿರಬೇಕೆಂದು ನಾನು ಏನೋ ಸಮಾಧಾನ ಹೇಳಿದೆ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಡಾಕ್ಟರು ಖುಷಿಯಿಂದ ಸ್ಕ್ಯಾನ್ ತೋರಿಸಿದರು. ಲಿವರಿನ ಗಡ್ಡೆಗಳು ಅರ್ಧಕ್ಕರ್ಧ ಕುಗ್ಗಿದ್ದವು. ಮಂಗಳವ್ವ ಆ ಕಡೆ ತಿರುಗಿಯೂ ನೋಡಲಿಲ್ಲ.

"ಡಾಕ್ಟರ್ರ, ಒಂದ ಮಾತ ಖರೇ ಹೇಳ್ರಿ," ಎಂದಳು. "ನಮ್ಮ ಪ್ಲಾಟಿನ್ಯಾಗ ತಾಯಿ ಗಿಡಾನ ಕೆಟ್ಟಿದ್ರ ಬೀಜ ಅಷ್ಟೂ ವಾಪಸ್ ಕಳಸ್ತಾರ. ನನ್ನ ಮೈಯಾಗಿನ ಬೆರಕಿ ಬೀಜದಾಗ ಬಂದದ್ದೋ, ಆಮ್ಯಾಲ ಹೊಲದಾಗ ಆದದ್ದೋ? ನನ್ನ ಮಗಳ ಹೊಟ್ಟ್ಯಾಗ ಕೂಸ ಐತ್ರಿ."

ಎರಡು ತಿಂಗಳು ಆ ಹೆಂಗಸು ನನ್ನ ಜಾಣತನವನ್ನು ಹೊತ್ತುಕೊಂಡು ತಿರುಗಿದ್ದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೊಲದಾಗ ಆದದ್ದು, ಮಂಗಳವ್ವಾರ. ಗಡ್ಡಿಯೊಳಗ ಮಾತ್ರ ಆಗೈತಿ. ನಿಮ್ಮ ರಕ್ತಾನೂ ಪರೀಕ್ಷೆ ಮಾಡಿಸೇವಿ, ಅದರಾಗ ಇಲ್ಲ. ಈ ಬದಲಾವಣೆ ಮಗಳಿಗೆ ಹೋಗಿಲ್ಲ. ಆದ್ರೂ ನಲವತ್ತರ ಹೊತ್ತಿಗೆ ಆಕೀ ಕರುಳಿನ ತಪಾಸಣೆ ಮಾಡಿಸ್ಕೊಳ್ಳಲಿ. ನಿಮ್ಮ ಬ್ಯಾನಿ ಮಾತ್ರ ಪೂರ್ತಿ ಹೋಗೂದಿಲ್ಲ, ಹಿಡಿತದಾಗ ಇಟ್ಕೊಂಡ ಹೋಗಬೇಕು."

"ಬೆರಕಿ ಗಿಡ ಒಮ್ಮೆ ಕಿತ್ರ ಮುಗೀತೇನ್ರಿ? ಹಣ್ಣ ಹರಿಯೂತನಕ ದಿನಾ ಹೊಲ ತಿರಗಬೇಕು," ಎಂದಳು ಮಂಗಳವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ಏನ್ ಹೇಮಪ್ಪಾರ, ಬೀಜದ ಗುಣ ಅಂತ, ಬೀಜದ ಗುಣ! ನಿಮ್ಮ ಬಾಯಾಗ ಮಣ್ಣ ಬೀಳ್ಲಿ!"

ಆ ಬೈಗುಳ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ರಾಣೆಬೆನ್ನೂರಿನಲ್ಲಿ ಬಸ್ಸಿಳಿದವಳೇ ಸೀರೆ ಅಂಗಡಿಗೆ ನುಗ್ಗಿದಳು. ಒಂದು ಹಸಿರು ಸೀರೆ ಆರಿಸಲು ಎರಡು ತಾಸು ತೆಗೆದುಕೊಂಡಳು, ನನ್ನ ಕಾಲು ಬಿದ್ದೇ ಹೋದವು.

ಗುರುವಾರ ಕುಬಸ ನಡೆಯಿತು. ಔಷಧದಿಂದ ಮಂಗಳವ್ವನ ಬೆರಳ ತುದಿಗಳು ಸೀಳಿವೆ; ಮುಲಾಮು ಹಚ್ಚಿ ಬಟ್ಟೆ ಸುತ್ತಿಕೊಂಡಿರುತ್ತಾಳೆ. ಈಗ ಕ್ರಾಸಿಂಗ್ ಮಾಡುವುದಿಲ್ಲ, ಬೇವಿನ ನೆರಳಲ್ಲಿ ಕುಳಿತು ಮಾಡುವವರನ್ನು ಬೈಯುತ್ತ ಸುಖವಾಗಿದ್ದಾಳೆ. ಅಂದು ಮಾತ್ರ ಬಟ್ಟೆ ಬಿಚ್ಚಿ ಬರಿಗೈಯಲ್ಲೇ ಮಗಳ ಉಡಿಗೆ ಅಕ್ಕಿ ತುಂಬಿದಳು. ಹೋಳಿಗೆ ಊಟಕ್ಕೆಂದು ಬಂದ ನಾನು ಬಾಗಿಲಲ್ಲಿ ನಿಂತಿದ್ದೆ.

"ಇಷ್ಟ ದಿನಾ ಯಾಕ ತಡಾ ಮಾಡಿದಿ ಅವ್ವ?" ಗಂಗಾಳ ಮುನಿಸು ಇನ್ನೂ ಇಳಿದಿರಲಿಲ್ಲ.

ಮಂಗಳವ್ವ ಸೀಳಿದ ಬೆರಳುಗಳಿಂದ ಮಗಳ ಗದ್ದ ಎತ್ತಿ, ಮುಖವನ್ನು ಕಣ್ತುಂಬ ನೋಡಿದಳು.

"ಬೀಜ ಚೊಲೋ ಐತವ್ವ," ಎಂದಳು. "ಕೇಳ್ಕೊಂಡ ಬಂದೇನಿ."